ಕಣದ ಈಶಾನ್ಯ ಮೂಲೆ

ಸಿದ್ದಾಪುರದಾಚೆಯ ಈ ತೋಟದಲ್ಲಿ
ನೆಟ್‌ವರ್ಕು ಸಿಗುವುದು ಕಣದ ಈ ಮೂಲೆಯಲ್ಲಿ ಮಾತ್ರ,
ಅದೂ ಕಟ್ಟೆ ಹತ್ತಿ ನಿಂತರೆ.
ಹಾಗಾಗಿ ಕೊಣಾಜೆಯ ನನ್ನ ಮನೆಗಳೆಲ್ಲ
ಒಣಗುವ ಚೆರ್ರಿಯ ಹುಳಿವಾಸನೆಯಲ್ಲೇ ಇದ್ದವು.
ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಗೋರೆ.
ರೈಟರ್ ಬಂದರೆ ಗೋರೆ ಓಡುತ್ತದೆ,
ಹೋದರೆ ಮಾತು.

ಮೊದಲನೆಯವರಲ್ಲಿ ಕೋಣೆ ಇತ್ತು.
ನಲ್ಲಿ ಇತ್ತು, ಮಂಚ ಇತ್ತು, ಗೇಟಿಗೆ ಎಂಟು ನಿಮಿಷ.
ಹೆಸರು ಹೇಳಿದೆ. ಸಿಂಧು.
ಸಿಂಧು, ಮತ್ತೆ? ಅಂದರು.
ಮತ್ತೆ ಏನೂ ಇಲ್ಲ, ಸಿಂಧು ಅಷ್ಟೆ.
ಅಪ್ಪನ ಹೆಸರು? ಚಾತ.
ಚಾತ ಅಂದರೆ ಯಾವ ಜನ?
ಹೇಳಿದೆ.
ಆಗ ಗೊತ್ತಾಯಿತು, ಕೋಣೆ ನಿನ್ನೆಯೇ ಹೋಗಿತ್ತು.

ದೇರಳಕಟ್ಟೆಯವರು ಹೇಳಿದ ಬಾಡಿಗೆಯನ್ನು
ಅವ್ವನಿಗೆ ಹೇಳಲಿಲ್ಲ.
ಕುಯ್ದ ಹಣ್ಣಿನ ಲೆಕ್ಕದಲ್ಲಿ ಒಳಗೇ ತೂಗಿದೆ,
ಎಷ್ಟು ಕಿಲೋಗೆ ಒಂದು ಕಿಟಕಿ, ಎಷ್ಟಕ್ಕೆ ಒಂದು ಬೀಗ.
ತಕ್ಕಡಿ ಏಳಲೇ ಇಲ್ಲ.
"ಅದು ಡಾಕ್ಟರ್ ಓದುವವರ ರೇಟು ಮಾರಾಯ್ತಿ,"
ಅಂದಳು ಮಿಸ್ರಿಯಾ.
ವಿರಾಜಪೇಟೆಯ ಡಿಗ್ರಿಯಲ್ಲಿ ನಮ್ಮದು ಒಂದೇ ಬೆಂಚು;
ಈಗ ಉಳ್ಳಾಲದ ಅಣ್ಣನ ಸ್ಕೂಟರಿನಲ್ಲಿ
ನನ್ನ ಪರವಾಗಿ ಸುತ್ತಿ ವೀಡಿಯೊ ಕಳಿಸುತ್ತಾಳೆ.
ಇಲ್ಲಿ ಅದು ಸುತ್ತುತ್ತದೆ, ಸುತ್ತುತ್ತದೆ, ತೆರೆಯುವುದಿಲ್ಲ.
ಎರಡು ದಿನದಿಂದ ನನ್ನ ಕೈಯಲ್ಲಿ ಇರುವುದು
ಒಂದು ಕೋಣೆಯ ಅರ್ಧ ಬಾಗಿಲು.

ಆ ಅರ್ಧ ಬಾಗಿಲು ಅಸೈಗೋಳಿಯ ಸೆವೆರಿನ್ ಬಾಯಿಯದು.
ನಿನ್ನೆ ಸಂಜೆ ಕಾಫಿ ಗುಡ್ಡೆ ಹಾಕುವಾಗ
ಅವರಾಗಿಯೇ ಕರೆ ಮಾಡಿದರು.
ನಿನ್ನ ಅಮ್ಮನ ಕೈಗೆ ಕೊಡು ಮಗಾ.
ಅವ್ವ ಸೆರಗಿಗೆ ಕೈ ಒರೆಸಿದಳು, ಮತ್ತೂ ಒರೆಸಿದಳು,
ಕಟ್ಟೆ ಹತ್ತಿದಳು,
ಕಡಲಿನವರೆಗೆ ಮುಟ್ಟಲೆಂದು ಕೂಗಿಯೇ ಕೇಳಿದಳು:
ಅಲ್ಲಿ ಆನೆ ಬರುತ್ತಾ?

ಬಾಯಿ ನಕ್ಕದ್ದು ನನಗೂ ಕೇಳಿಸಿತು.
ಆನೆ ಇಲ್ಲ. ನವಿಲು ಬರುತ್ತದೆ, ಬಸಳೆ ಚಪ್ಪರ ಹಾಳು ಮಾಡಲಿಕ್ಕೆ.
ಬಾವಿ ಉಂಟು, ಏಪ್ರಿಲಿನಲ್ಲಿ ಸ್ವಲ್ಪ ಕಷ್ಟ.
ಮೀನಾ? ಮೀನು ಮಾಡದೆ ಮತ್ತೆಂತ ಮಾಡುವುದು!
ಎಂಟು ಗಂಟೆಗೆ ಗೇಟು ಹಾಕುತ್ತೇನೆ.
ಒಂದು ಕಡೆ ಹಂಚು ಸೋರುತ್ತದೆ, ಸುಳ್ಳು ಯಾಕೆ ಹೇಳಲಿ.

ಎಲ್ಲಕ್ಕೂ ಹೂಂ ಅಂದ ಅವ್ವ
ಆಮೇಲೆ, ರೈಟರನ ಮುಂದೆ ಮಾತ್ರ ತೆಗೆಯುವ
ಆ ಸಣ್ಣ ದನಿಯಲ್ಲಿ,
"ಕೆಲಸಕ್ಕೆ ಬಾರದಿದ್ದರೆ ಮನೆ ಖಾಲಿ ಮಾಡಬೇಕಾ?"

ಆ ಕಡೆ ಸುಮ್ಮನಾಯಿತು.
ಸಿಗ್ನಲ್ ಹೋಯಿತು ಅಂದುಕೊಂಡೆ.
ಎಂತ ಕೆಲಸ? ಅಂದರು ಬಾಯಿ.
ಅವಳು ಓದಲಿಕ್ಕಲ್ಲವಾ ಬರುವುದು?
ಐದನೇ ತಾರೀಕಿಗೆ ಬಾಡಿಗೆ. ಬೇರೆ ಎಂತದೂ ಬೇಡ.

ಅವ್ವ ಕೆಳಗಿಳಿದು ಫೋನು ಕೊಟ್ಟಳು,
ಬಿಸಿ ಪಾತ್ರೆ ದಾಟಿಸುವ ಹಾಗೆ.
ಲೈನಿನ ಏಳನೇ ಬಾಗಿಲಲ್ಲಿ ಹುಟ್ಟಿದವಳು,
ಎಂಟನೆಯದಕ್ಕೆ ಮದುವೆಯಾಗಿ ಹೋದವಳು,
ಅಪ್ಪ ಮರದಿಂದ ಬಿದ್ದ ವರ್ಷ
ಆ ಎಂಟನೆಯದು ಉಳಿಯಲೆಂದು ಎರಡಾಳಿನ ಕೆಲಸ ಮಾಡಿದವಳು.
"ಬರೀ ದುಡ್ಡಾ?"
ಹೂಂ, ಬರೀ ದುಡ್ಡು.
"ಕೊಟ್ಟರೆ ಬಾಗಿಲು ನಿಂದಾ?"
ತಿಂಗಳಿಗೆ.

ದುಡ್ಡು ಇನ್ನೂ ಹೊಂದಿಲ್ಲ.
ಎರಡು ತಿಂಗಳ ಮುಂಗಡ, ಚಾಪೆ, ಬಕೆಟು, ಬಸ್ಸು.
ಸ್ಕಾಲರ್‌ಶಿಪ್ಪು ಯಾವಾಗ ಅಂತ ಕಚೇರಿಗೂ ಗೊತ್ತಿಲ್ಲ.
ಬಾಯಿ ಖಾಯಂ ವಿಳಾಸ ಕೇಳಿದ್ದಾರೆ;
ಎಸ್ಟೇಟಿನ ಹೆಸರು ಟೈಪ್ ಮಾಡಿದೆ, ಅಳಿಸಿದೆ,
ಬೇರೇನೂ ತೋಚದೆ ಮತ್ತೆ ಅದನ್ನೇ ಮಾಡಿದೆ.

ಕತ್ತಲಾಯಿತು. ಟಾರ್ಪಾಲಿನ ಅಂಚಿಗೆ ಕಲ್ಲಿಡುತ್ತ ಅವ್ವ
"ಒಳಗಿನಿಂದ ಚಿಲಕ ಇದೆಯಾ, ಕೇಳಿದೆಯಾ?" ಅಂದಳು.
ಕೇಳಿರಲಿಲ್ಲ.
ವೀಡಿಯೊ ತೆರೆದು ಇಬ್ಬರೂ ಬಗ್ಗಿ ನೋಡಿದೆವು.
ಚಿಲಕ ಇರಬೇಕಾದ ಅರ್ಧ
ಇನ್ನೂ ಬಂದಿರಲಿಲ್ಲ.